ವಿಜ್ಞಾನ ಓದಿದವರು ಜಿಲ್ಲಾ ನ್ಯಾಯಾಲಯದಲ್ಲಿ ಒಬ್ಬರೇ ವಕೀಲಿ ಮಾಡಬಹುದೇ?

ಪ್ರಶ್ನೆ: ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ನೀರು ಮತ್ತು ಆಹಾರ ಪರೀಕ್ಷಿಸುವ ಖಾಸಗಿ ಪ್ರಯೋಗಾಲಯದಲ್ಲಿ ಆರು ವರ್ಷ ಕೆಲಸ ಮಾಡಿದವಳು. ಈಗ ಎಲ್‌ಎಲ್.ಬಿ. ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ನಮ್ಮ ಕಡೂರಿನಲ್ಲೋ ಚಿಕ್ಕಮಗಳೂರಿನಲ್ಲೋ ಸ್ವಂತ ಕಚೇರಿ ತೆರೆಯುವ ಆಸೆಯಿದೆ. ಆದರೆ ಪರಿಚಯದ ಹಿರಿಯ ವಕೀಲರೊಬ್ಬರು, ಇಲ್ಲಿ ಬರುವುದೆಲ್ಲ ಜಮೀನು, ಚೆಕ್ಕು, ಅಪಘಾತದ ಕೇಸುಗಳು, ಅದಕ್ಕೆ ವಿಜ್ಞಾನ ಯಾತಕ್ಕೆ ಎಂದರು. ನನ್ನ ಓದು ವ್ಯರ್ಥವಾಗುವುದೇ? ಹಳೆಯ ಪ್ರಯೋಗಾಲಯದವರು ಮತ್ತೆ ಕೆಲಸಕ್ಕೆ ಕರೆಯುತ್ತಿದ್ದಾರೆ. ಸನ್ನದು ಪಡೆದ ಮೇಲೂ ಅಲ್ಲಿಗೆ ಹೋಗಬಹುದೇ?

ಉತ್ತರ: ಮಾನಸಗಂಗೋತ್ರಿಯಲ್ಲಿ ರಸಾಯನಶಾಸ್ತ್ರ ಓದಿ, ಕೆಲವು ವರ್ಷ ಮಣ್ಣು ಪರೀಕ್ಷೆಯ ಕೆಲಸ ಮಾಡಿ, ಆಮೇಲೆ ಕಾನೂನು ಕಲಿತು ಹಾಸನದಲ್ಲಿ ಒಬ್ಬಳೇ ಕಚೇರಿ ನಡೆಸುತ್ತಿರುವವಳು ನಾನು. ನಿಮಗೆ ಹಿರಿಯರು ಹೇಳಿದ ಮಾತನ್ನೇ ನನಗೂ ಹೇಳಿದ್ದರು. ಇಲ್ಲಿ ಬರುವುದೆಲ್ಲ ಜಮೀನು, ಚೆಕ್ಕು, ಅಪಘಾತದ ಕೇಸುಗಳೆಂಬ ಅವರ ಮಾತು ನಿಜ. ಅಂಥ ಕೇಸುಗಳಿಗೆ ವಿಜ್ಞಾನ ಬೇಡವೆಂಬುದು ಮಾತ್ರ ನನ್ನ ಅನುಭವಕ್ಕೆ ಬಂದಿಲ್ಲ. ಅಳತೆ ಹೇಗಾಯಿತು, ಯಾವುದಕ್ಕೆ ಹೋಲಿಸಿ ಈ ತೀರ್ಮಾನಕ್ಕೆ ಬಂದರು, ತಪ್ಪಾಗಿದ್ದರೆ ಯಾವ ಕಡೆಗೆ ತಪ್ಪಾಗಿರುತ್ತದೆ ಎಂದು ಕೇಳುವ ಅಭ್ಯಾಸ ನಿಮಗೆ ಪ್ರಯೋಗಾಲಯದಲ್ಲಿ ಬಂದಿರುತ್ತದೆ. ಆ ಪ್ರಶ್ನೆಗಳನ್ನು ಎದುರು ಪಕ್ಷದ ಸಾಕ್ಷಿಗೆ ಹಾಕುವುದಕ್ಕೂ ಮೊದಲು ಕಚೇರಿಯಲ್ಲಿ ಕೂತಿರುವ ನಮ್ಮ ಕಕ್ಷಿದಾರರಿಗೆ ಹಾಕಬೇಕು ಎಂಬುದೇ ಈ ಉತ್ತರದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು.

ಆಲೂಗೆಡ್ಡೆಯ ಒಂದು ಪ್ರಕರಣವನ್ನು, ಗುರುತು ಸಿಗದಂತೆ, ಹೇಳುತ್ತೇನೆ. ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಪ್ರತಿವರ್ಷ ಬೇಸಿಗೆಯ ಕೊನೆಯಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಬರುವುದು ನಿಮಗೂ ತಿಳಿದಿರಬಹುದು. ಮುಂಗಾರು ಪೂರ್ವದ ಮಳೆ ನೋಡಿಕೊಂಡು ನಾಟಿ ಮಾಡಿದ ರೈತರೊಬ್ಬರು, ಮೂರು ವಾರ ಕಳೆದರೂ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ ಮಾತ್ರ ಕಾಣುತ್ತಿದೆ, ಮಣ್ಣು ಕೆದಕಿದರೆ ಗೆಡ್ಡೆ ಕೊಳೆತಿದೆ ಎಂದು ಬಂದರು. ವ್ಯಾಪಾರಿಯ ಉತ್ತರ ಏನಿರುತ್ತದೆ ಎಂಬುದು ಮೊದಲೇ ಗೊತ್ತಿತ್ತು: ಗೆಡ್ಡೆ ಕತ್ತರಿಸಿ ಗಾಯ ಒಣಗಲು ಬಿಡದೆ ನೆಟ್ಟಿದ್ದಾರೆ, ಔಷಧೋಪಚಾರ ಮಾಡಿಲ್ಲ, ನೆಟ್ಟ ವಾರವೇ ಜೋರು ಮಳೆಯಾಗಿದೆ. ಇವೆಲ್ಲವೂ ಗೆಡ್ಡೆ ಕೊಳೆಯಲು ನಿಜವಾದ ಕಾರಣಗಳೇ ಆದ್ದರಿಂದ, ಕೊಳೆತಿದೆ ಎಂಬುದೊಂದನ್ನೇ ಹಿಡಿದು ಬೀಜ ಕೆಟ್ಟದ್ದು ಎಂದು ಸಾಧಿಸಲಾಗದು. ನಾನು ಅವರನ್ನು ಕೇಳಿದ್ದು ಎರಡು ಪ್ರಶ್ನೆ. ಇದೇ ಲಾಟಿನ ಚೀಲಗಳನ್ನು ಬೇರೆ ಯಾರು ಕೊಂಡರು, ಅವರ ಹೊಲ ಹೇಗಿದೆ? ನೀವು ಬೇರೆ ಲಾಟಿನ ಗೆಡ್ಡೆಯನ್ನೂ ಇದೇ ಹೊಲದಲ್ಲಿ ನೆಟ್ಟಿದ್ದೀರಾ? ಅದೃಷ್ಟಕ್ಕೆ ಅವರು ಎರಡು ಅಂಗಡಿಗಳಿಂದ ಗೆಡ್ಡೆ ತಂದು, ಒಂದೇ ದಿನ, ಒಂದೇ ಕೆಲಸಗಾರರಿಂದ, ಒಂದೇ ಹೊಲದಲ್ಲಿ ನೆಡಿಸಿದ್ದರು. ಒಂದರ ಸಾಲುಗಳು ತುಂಬಿ ನಿಂತಿದ್ದವು, ಇನ್ನೊಂದರವು ಬೋಳಾಗಿದ್ದವು. ಮಣ್ಣು, ಮಳೆ, ಬೇಸಾಯ ಎಲ್ಲವೂ ಒಂದೇ ಆಗಿದ್ದು ಬೀಜ ಮಾತ್ರ ಬೇರೆಯಾಗಿದ್ದ ಈ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ನಾವು ಕಷ್ಟಪಟ್ಟು ನಿರ್ಮಿಸುತ್ತೇವೆ, ಇಲ್ಲಿ ಅದು ಹೊಲದಲ್ಲೇ ಸಿಕ್ಕಿತ್ತು. ಇನ್ನೊಂದು ವರ್ಷ ಇಂಥದ್ದೇ ದೂರು ತಂದ ಮತ್ತೊಬ್ಬರ ವಿಷಯದಲ್ಲಿ, ಅದೇ ಲಾಟಿನ ಗೆಡ್ಡೆ ನೆಟ್ಟ ಅಕ್ಕಪಕ್ಕದ ಮೂವರ ಹೊಲ ಚೆನ್ನಾಗಿ ಬಂದಿರುವುದನ್ನು ಕಣ್ಣಾರೆ ನೋಡಿದ ಮೇಲೆ, ಈ ದೂರು ನಿಲ್ಲುವುದಿಲ್ಲ ಎಂದು ಹೇಳಿ ಕಳಿಸಿದೆ. ಅವರು ಬೇಸರಪಟ್ಟರು. ಆದರೂ ಅವರ ಹಣ ಮತ್ತು ಎರಡು ವರ್ಷದ ಓಡಾಟ ಉಳಿಯಿತೆಂದು ನಾನು ಇಂದಿಗೂ ನಂಬಿದ್ದೇನೆ.

ಇಲ್ಲಿ ಕಾನೂನಿನ ಅರಿವೂ ಜೊತೆಗೂಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಮಿನ ಪ್ರಕಾರ, ಪರೀಕ್ಷೆಯಿಲ್ಲದೆ ದೋಷ ತಿಳಿಯದಂಥ ಸರಕಾದರೆ ಗ್ರಾಹಕ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಆದರೆ ಬಿತ್ತಿದ ರೈತನ ಬಳಿ ಬೀಜ ಎಲ್ಲಿ ಉಳಿದಿರುತ್ತದೆ? ರಾಷ್ಟ್ರೀಯ ಬೀಜ ನಿಗಮದ ವಿರುದ್ಧ ಮಧುಸೂದನ ರೆಡ್ಡಿ ಪ್ರಕರಣದಲ್ಲಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯ, ರೈತನೂ ಗ್ರಾಹಕನೇ ಎಂದಿದ್ದಲ್ಲದೆ, ಪರೀಕ್ಷೆಗೆ ಬೇಕಾಗಬಹುದೆಂದು ಅವನು ಬೀಜ ಎತ್ತಿಡಬೇಕೆಂದು ನಿರೀಕ್ಷಿಸಲಾಗದು ಎಂದೂ ಒಪ್ಪಿತು. ಹಾಗಾಗಿ ಇಂಥ ಪ್ರಕರಣಗಳಲ್ಲಿ ತೋಟಗಾರಿಕೆ ಅಥವಾ ಕೃಷಿ ಅಧಿಕಾರಿಯ ಸ್ಥಳ ತನಿಖಾ ವರದಿಯೇ ಬೆನ್ನೆಲುಬು. ಆ ವರದಿಯಲ್ಲಿ ‘ಶೇ. 60ರಷ್ಟು ಹಾನಿ’ ಎಂದು ಮಾತ್ರ ಬರೆದಿದ್ದರೆ ಅದು ಅಂದಾಜು. ಎಷ್ಟು ಸಾಲು ನೋಡಿದರು, ಸಾಲಿಗೆ ಎಷ್ಟು ಗಿಡ ಎಣಿಸಿದರು, ಯಾವ ದಿನ ಎಣಿಸಿದರು ಎಂಬುದಿದ್ದರೆ ಅದು ಸಾಕ್ಷ್ಯ. ಹಿಮಾಚಲ ಪ್ರದೇಶದ ಸೇಬಿನ ತೋಟಗಳ ಇಳುವರಿ ಅಂದಾಜಿಗೆ ಸಂಬಂಧಿಸಿದ ಜೈಲಾಲ್ ಪ್ರಕರಣದಲ್ಲಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಸ್ಪಷ್ಟವಾಗಿ ಹೇಳಿದೆ: ತಜ್ಞನು ತನ್ನ ತೀರ್ಮಾನವನ್ನು ಪರೀಕ್ಷಿಸಲು ಬೇಕಾದ ವೈಜ್ಞಾನಿಕ ಮಾನದಂಡಗಳನ್ನು ನ್ಯಾಯಾಧೀಶರ ಮುಂದಿಡಬೇಕು, ತೀರ್ಮಾನ ಮಾಡುವ ಕೆಲಸ ನ್ಯಾಯಾಧೀಶರದ್ದು. ಈ ತೀರ್ಪನ್ನು ನೀವು ಪೂರ್ತಿ ಓದಬೇಕೆಂದು ಒತ್ತಾಯಿಸುತ್ತೇನೆ. ನಮ್ಮ ಮಲೆನಾಡಿನ ತೋಟ, ಬೆಳೆ, ಇಳುವರಿಯ ಯಾವ ವಿವಾದಕ್ಕಾದರೂ ಅದು ಹತ್ತಿರದ್ದು. ತಜ್ಞರ ಅಭಿಪ್ರಾಯಕ್ಕೆ ಸಂಬಂಧಿಸಿದ ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಮು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಾಗಿದೆ, ಹಳೆಯ ತೀರ್ಪುಗಳನ್ನು ಓದುವಾಗ ಈ ಹೊಂದಾಣಿಕೆ ನೆನಪಿರಲಿ.

ನಿಮ್ಮ ಆರು ವರ್ಷದ ಅನುಭವ ನೇರವಾಗಿ ಒದಗುವ ಜಾಗ ಮಾದರಿ ತೆಗೆಯುವ ಹಂತ. ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯವರೊಬ್ಬರು ಆಹಾರ ಸುರಕ್ಷತಾ ಅಧಿಕಾರಿಯ ನೋಟಿಸು ಹಿಡಿದು ನಿಮ್ಮ ಬಳಿ ಬಂದರೆಂದುಕೊಳ್ಳಿ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ. 51 ಕಾಫಿ ಇರಬೇಕು, ವರದಿಯ ಪ್ರಕಾರ ಅದಕ್ಕಿಂತ ಕಡಿಮೆ ಇದೆ. ಬೇರೆ ವಕೀಲರು ನೋಟಿಸಿನ ದಿನಾಂಕ ಮತ್ತು ಸಹಿಯನ್ನು ನೋಡುತ್ತಾರೆ, ಅದನ್ನು ನೀವೂ ನೋಡಿ. ಅದರ ಜೊತೆಗೆ, ಕಾಫಿಯ ಪ್ರಮಾಣವನ್ನು ವಿಶ್ಲೇಷಕರು ಯಾವ ಅಂಶದಿಂದ ಲೆಕ್ಕಹಾಕಿದರು ಎಂದು ಕೇಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲದಿರುವುದರಿಂದ ಕೆಫೀನ್ ಅಳೆದು ಕಾಫಿಯ ಪಾಲನ್ನು ಅಂದಾಜು ಮಾಡಿದ್ದರೆ, ಅವರು ಅರೇಬಿಕಾ ಎಂದುಕೊಂಡರೋ ರೊಬಸ್ಟಾ ಎಂದುಕೊಂಡರೋ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ. 1.2, ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಅರೇಬಿಕಾ ಮಾತ್ರ ಬಳಸುವ ಅಂಗಡಿಯ ಪುಡಿಯನ್ನು ರೊಬಸ್ಟಾದ ಲೆಕ್ಕದಲ್ಲಿ ಅಳೆದರೆ ಪ್ರಾಮಾಣಿಕ ವ್ಯಾಪಾರಿಯೂ ಕಲಬೆರಕೆ ಮಾಡಿದವನಂತೆ ಕಾಣುತ್ತಾನೆ.

ಆ ವ್ಯಾಪಾರಿ ನಿಮ್ಮಲ್ಲಿಗೆ ಬರುವ ಹೊತ್ತಿಗೆ ಒಂದು ಅವಕಾಶ ಬಹುತೇಕ ಕೈತಪ್ಪಿರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 47ನೇ ಕಲಮಿನಂತೆ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು: ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಗೆ, ಉಳಿದೊಂದು, ವ್ಯಾಪಾರಿ ಕೇಳಿಕೊಂಡರೆ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ. ಕೇಳಿಕೊಳ್ಳಬಹುದೆಂದು ನಮ್ಮ ಅಂಗಡಿಯವರಿಗೆ ಯಾರೂ ಹೇಳಿರುವುದಿಲ್ಲ. ಅಧಿಕಾರಿ ತೋರಿಸಿದಲ್ಲಿ ಸಹಿ ಹಾಕಿ ಕಳಿಸಿರುತ್ತಾರೆ. ಉಳಿಯುವ ದಾರಿ 46ನೇ ಕಲಮಿನ ಮೇಲ್ಮನವಿ, ಅದಕ್ಕೆ 30 ದಿನಗಳ ಗಡುವಿದೆ. ಅದರಲ್ಲಿ ಗೆದ್ದರೆ ಎತ್ತಿಟ್ಟ ಭಾಗವು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಂಥ ನಿರ್ದೇಶಿತ ಪ್ರಯೋಗಾಲಯಕ್ಕೆ ಹೋಗಬಹುದು. ಆದ್ದರಿಂದ ಕೇಸು ಬಂದ ಮೇಲೆ ವಾದಿಸುವುದಕ್ಕಿಂತ, ನಿಮ್ಮ ಊರಿನ ಸಣ್ಣ ವ್ಯಾಪಾರಿಗಳಿಗೆ ಈ ನಾಲ್ಕನೆಯ ಭಾಗದ ಹಕ್ಕನ್ನು ಮೊದಲೇ ತಿಳಿಸಿಕೊಡುವುದು ನಿಮ್ಮಂಥವರು ಮಾಡಬಹುದಾದ ದೊಡ್ಡ ಕೆಲಸವೆಂದು ನನಗನ್ನಿಸುತ್ತದೆ.

ತಪ್ಪು ಯಾವ ಕಡೆಗೆ ಎಂಬ ಪ್ರಶ್ನೆಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ತೋಟದಿಂದ ಹೊರಬರುವ ಪಲ್ಪಿಂಗ್ ನೀರಿನ ವಿವಾದ ಒಳ್ಳೆಯ ಉದಾಹರಣೆ. 1974ರ ಜಲ ಕಾಯ್ದೆಯ 21ನೇ ಕಲಮಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಸ್ಥಳದಲ್ಲೇ ನೋಟಿಸು ಕೊಟ್ಟು, ತೋಟದವರ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಸೀಲು ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವರದಿ ಸಾಕ್ಷ್ಯವಾಗಿ ಒಪ್ಪಿತವಾಗದು. ತೋಟದ ಪರ ವಕೀಲರು ಇದರ ಜೊತೆಗೆ, ಮಾದರಿಯನ್ನು ಮಂಜುಗಡ್ಡೆಯಲ್ಲಿಡದೆ ಬಿಸಿಲಲ್ಲಿ ಸಾಗಿಸಿದ್ದಾರೆ, ಹಾಗಾಗಿ ಬಿಒಡಿ (ನೀರಿನ ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕದ ಅಳತೆ) ಅಂಕಿ ನಂಬುವಂಥದ್ದಲ್ಲ ಎಂದು ವಾದಿಸುವುದನ್ನು ಕೇಳಿದ್ದೇನೆ. ನಿಮಗೆ ಇದನ್ನು ಹೇಳಿಕೊಡಬೇಕಿಲ್ಲ: ಸಕ್ಕರೆ ತುಂಬಿದ ಆ ನೀರು ಬೆಚ್ಚಗಿದ್ದಷ್ಟೂ ದಾರಿಯಲ್ಲೇ ಸೂಕ್ಷ್ಮಜೀವಿಗಳು ಅದನ್ನು ತಿಂದು, ಬಿಒಡಿ ಇದ್ದುದಕ್ಕಿಂತ ಕಡಿಮೆ ಬರುತ್ತದೆಯೇ ಹೊರತು ಹೆಚ್ಚಲ್ಲ. ಅಂದರೆ ಆ ತಪ್ಪಿನಿಂದ ಲಾಭವಾದದ್ದು ತೋಟಕ್ಕೇ. ಇದನ್ನು ಅರಿಯದೆ ವಾದಿಸಿದರೆ ಎದುರು ಪಕ್ಷದ ತಜ್ಞರು ಒಂದೇ ಉತ್ತರದಲ್ಲಿ ಕೇಸು ಮುಗಿಸುತ್ತಾರೆ. ಆ ನೀರು ಹರಿದುಹೋಗುವ ಕೆಳಗಿನ ಹಳ್ಳಿಯ ಪರವಾಗಿ ನೀವಿದ್ದರೆ, ಅದೇ ಸಂಗತಿ ನಿಮ್ಮ ಕೈಯ ಬಲವಾದ ಅಸ್ತ್ರ.

ಜಮೀನಿನ ದಾವೆಗಳಲ್ಲಿ ವಿಜ್ಞಾನಕ್ಕೆ ಜಾಗವಿಲ್ಲ ಎನ್ನುವವರಿಗೆ ನಾನು ಸರ್ವೆ ಸರಪಳಿಯನ್ನು ತೋರಿಸುತ್ತೇನೆ. ನಮ್ಮ ಕಡೆಯ ಹಳೆಯ ಅಳತೆ 33 ಅಡಿಯ ಸರಪಳಿಯಲ್ಲಿ ಆದದ್ದು, ಅದಕ್ಕೆ 16 ಆಣೆ. ಅಂದರೆ ಒಂದು ಆಣೆ ಎರಡು ಅಡಿಗಿಂತ ತುಸು ಹೆಚ್ಚು. ಸರ್ವೆಯ ಟಿಪ್ಪಣಿಯಲ್ಲಿ ಅಳತೆಯನ್ನು ಪೂರ್ತಿ ಆಣೆಗಳಲ್ಲಿ ಬರೆದಿರುವಾಗ, ಬೇಲಿ ಒಂದೂವರೆ ಅಡಿ ಒತ್ತುವರಿಯಾಗಿದೆ ಎಂಬ ವಿವಾದಕ್ಕೆ ಆ ದಾಖಲೆಯೊಂದರಿಂದಲೇ ಉತ್ತರ ಸಿಗುವುದಿಲ್ಲ, ಏಕೆಂದರೆ ವಿವಾದದ ಅಗಲ ದಾಖಲೆಯ ಅಳತೆಗೋಲಿಗಿಂತ ಚಿಕ್ಕದು. ಇಂದಿನ ಉಪಕರಣಗಳು ಅಂಗುಲದೊಳಗಿನ ನಿಖರತೆಯಲ್ಲಿ ಬಿಂದು ಗುರುತಿಸುತ್ತವೆ ನಿಜ. ಆದರೆ ಹೊಸ ಉಪಕರಣದ ಸೂಕ್ಷ್ಮತೆ ಹಳೆಯ ದಾಖಲೆಗೆ ಬರುವುದಿಲ್ಲ. ದಿವಾಣಿ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಕೋರ್ಟ್ ಕಮಿಷನರ್ ನೇಮಕ ಕೋರುವಾಗ, ಗಡಿಕಲ್ಲುಗಳು ಯಾವುವು, ಯಾವ ಸ್ಥಿರ ಬಿಂದುವಿನಿಂದ ಅಳತೆ ಶುರುಮಾಡಬೇಕು, ಸುತ್ತಲಿನ ಹಿಸ್ಸೆಗಳ ಮೊತ್ತ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣಕ್ಕೆ ತಾಳೆಯಾಗುತ್ತದೆಯೇ ಎಂಬುದನ್ನು ಅರ್ಜಿಯಲ್ಲೇ ಕೇಳಿಕೊಳ್ಳಿ. ವರದಿ ಬಂದ ಮೇಲೆ ತಕರಾರು ಸಲ್ಲಿಸುವುದಕ್ಕಿಂತ ಇದು ಮೇಲು. ಹದ್ದುಬಸ್ತಿನ ಹತ್ತಾರು ಕೇಸುಗಳಲ್ಲಿ ಎರಡೂ ಕಡೆಯವರನ್ನು ಕೂರಿಸಿ, ಈ ದಾಖಲೆಗೆ ಇಷ್ಟೇ ಹೇಳಲು ಸಾಧ್ಯ ಎಂದು ತೋರಿಸಿದ ಮೇಲೆ ರಾಜಿಯಾದದ್ದುಂಟು.

ಚೆಕ್ಕಿನ ಕೇಸುಗಳಲ್ಲಿ ವಿಜ್ಞಾನ ಹೆಚ್ಚಾಗಿ ‘ಬೇಡ’ ಎನ್ನಲು ಸಹಾಯ ಮಾಡುತ್ತದೆ. ಸಹಿ ನನ್ನದು, ಬರಹ ನನ್ನದಲ್ಲ, ಶಾಯಿಯ ವಯಸ್ಸು ಪರೀಕ್ಷೆಗೆ ಕಳಿಸಿ ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಬಾಲ್‌ಪೆನ್ ಶಾಯಿಯ ದ್ರಾವಕ ಮೊದಲ ಒಂದೆರಡು ವರ್ಷಗಳಲ್ಲೇ ಬಹುಪಾಲು ಆರಿಹೋಗುವುದರಿಂದ ಹಳೆಯ ಬರಹದ ವಯಸ್ಸನ್ನು ಹೇಳುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಸಹಿ ಮಾಡಿದ ಖಾಲಿ ಚೆಕ್ಕನ್ನು ಸ್ವಇಚ್ಛೆಯಿಂದ ಕೊಟ್ಟಿದ್ದರೆ, ಬೇರೆಯವರು ತುಂಬಿದ್ದರೂ ಚೆಕ್ಕು ಸಾಲ ತೀರಿಸಲೆಂದೇ ಕೊಟ್ಟದ್ದು ಎಂಬ, ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಮಿನ ಪೂರ್ವಭಾವನೆ ಅನ್ವಯವಾಗುತ್ತದೆ ಎಂದು 2019ರ ಬೀರ್ ಸಿಂಗ್ ತೀರ್ಪು ಹೇಳಿದೆ. ಸಹಿಯೇ ತನ್ನದಲ್ಲ ಎನ್ನುವವರ ವಿಷಯ ಬೇರೆ. ಅಲ್ಲಿ ತಜ್ಞರ ಪರೀಕ್ಷೆ ಕೋರುವುದರಲ್ಲಿ ಅರ್ಥವಿದೆ.

ಕ್ರಿಮಿನಲ್ ಕೆಲಸದಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಮಾದಕವಸ್ತುಗಳ ತಡೆಗಿರುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳ ಜೊತೆಗಿಲ್ಲದ ಬೀಜ ಮತ್ತು ಎಲೆ ಆ ವ್ಯಾಖ್ಯೆಯಲ್ಲಿ ಸೇರುವುದಿಲ್ಲ. ಒಂದು ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ 10 ವರ್ಷ ಶಿಕ್ಷೆ. ಶುಂಠಿ ಹೊಲದ ನಡುವಿನಿಂದ ಹಸಿ ಗಿಡಗಳನ್ನು ಬೇರು, ಕಾಂಡ, ಮಣ್ಣಿನ ಸಮೇತ ಕಿತ್ತು 22 ಕಿಲೋ ಎಂದು ಮಹಜರಿನಲ್ಲಿ ಬರೆದಿದ್ದರೆ, ಆ 22 ಕಿಲೋ ಯಾವುದರ ತೂಕ ಎಂಬ ಪ್ರಶ್ನೆಯ ಮೇಲೆ ಒಬ್ಬ ಮನುಷ್ಯನ ಹತ್ತು ವರ್ಷ ನಿಂತಿರುತ್ತದೆ. ತೂಕದ ಯಂತ್ರ ಎಲ್ಲಿಂದ ತಂದರು, ತುದಿಗಳನ್ನು ಬೇರ್ಪಡಿಸಿದರೇ, ಪ್ರಯೋಗಾಲಯ ತಲುಪಿದಾಗ ತೂಕ ಎಷ್ಟಿತ್ತು ಎಂದು ಪಾಟೀಸವಾಲಿನಲ್ಲಿ ಒಂದೊಂದಾಗಿ, ಸಣ್ಣ ವಾಕ್ಯಗಳಲ್ಲಿ ಕೇಳಬೇಕು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ನಿಮಗೆ ವಿಷಯ ತಿಳಿದಿದೆ ಎಂಬ ಕಾರಣಕ್ಕೆ ನೀವೇ ತಜ್ಞರಾಗಿಬಿಡಬಾರದು. ವಕೀಲರು ವಾದದಲ್ಲಿ ಹೇಳಿದ್ದು ಸಾಕ್ಷ್ಯವಲ್ಲ. ಆರಂಭದ ದಿನಗಳಲ್ಲಿ ನಾನು ಮಣ್ಣಿನ ಕ್ಷಾರತೆಯ ಬಗ್ಗೆ ನ್ಯಾಯಾಧೀಶರಿಗೆ ಹತ್ತು ನಿಮಿಷ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಇದನ್ನು ಯಾವ ಸಾಕ್ಷಿ ಹೇಳಿದ್ದಾರೆ ಎಂದು ಕೇಳಿದರು. ಯಾರೂ ಹೇಳಿರಲಿಲ್ಲ, ನಾನು ಯಾವ ಸಾಕ್ಷಿಯನ್ನೂ ಕೇಳಿರಲಿಲ್ಲ. ಆ ಅರ್ಜಿ ವಜಾ ಆಯಿತು, ಅದರ ನಷ್ಟ ಅನುಭವಿಸಿದವರು ನನ್ನ ಕಕ್ಷಿದಾರರು. ಅಂದಿನಿಂದ ನನಗೆ ತಿಳಿದಿರುವ ಪ್ರತಿ ವೈಜ್ಞಾನಿಕ ಸಂಗತಿಯ ಎದುರಿಗೂ, ಇದು ದಾಖಲೆಗೆ ಯಾರ ಬಾಯಿಂದ ಬರುತ್ತದೆ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಖಾಸಗಿ ವರದಿ ತರಿಸುವಾಗ ಆ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂಬುದಷ್ಟೇ ಸಾಲದು, ನಮಗೆ ಬೇಕಾದ ಆ ಪರೀಕ್ಷೆಗೇ ಇದೆಯೇ ಎಂದು ನೋಡಿ. ಅನುಕೂಲವಾದ ಅಂಕಿ ಬರುವವರೆಗೆ ಒಂದಾದ ಮೇಲೊಂದು ಪ್ರಯೋಗಾಲಯಕ್ಕೆ ಕಳಿಸಿರೆಂದು ಕೇಳುವ ಕಕ್ಷಿದಾರರನ್ನು ಒಪ್ಪಿಕೊಳ್ಳಬೇಡಿ.

ಒಬ್ಬರೇ ಕಚೇರಿ ನಡೆಸುವುದರ ಬಗ್ಗೆ: ಮೊದಲ ಎರಡು ಮೂರು ವರ್ಷ ಒಳ್ಳೆಯ ವಿಚಾರಣಾ ವಕೀಲರ ಜೊತೆ ಜೂನಿಯರ್ ಆಗಿರಿ. ದಾವೆ ಕರಡು ಮಾಡುವುದು, ಸಾಕ್ಷಿಯ ಮುಖ ನೋಡಿ ಪ್ರಶ್ನೆ ನಿಲ್ಲಿಸುವುದು, ಎರಡು ಕೋರ್ಟಿನಲ್ಲಿ ಒಂದೇ ಹೊತ್ತಿಗೆ ಕೇಸು ಕೂಗಿದಾಗ ಏನು ಮಾಡಬೇಕೆಂಬುದು ಪುಸ್ತಕದಿಂದ ಬರುವುದಿಲ್ಲ. ಆಮೇಲೆ ಒಬ್ಬರೇ ಆದಾಗ ದೊಡ್ಡ ಕೊರತೆಯೆಂದರೆ ನಿಮ್ಮ ಕೆಲಸವನ್ನು ತಿದ್ದುವ ಎರಡನೆಯ ಕಣ್ಣಿರುವುದಿಲ್ಲ. ಪ್ರಯೋಗಾಲಯದಲ್ಲಿ ನಾವು ಒಂದೇ ಅಳತೆಯ ಮೇಲೆ ವರದಿ ಕೊಡುತ್ತಿರಲಿಲ್ಲವಲ್ಲ, ಆ ನಿಯಮವನ್ನೇ ಇಲ್ಲಿಗೂ ತನ್ನಿ. ನಾನು ಮುಖ್ಯ ಕರಡುಗಳನ್ನು ಬರೆದ ದಿನವೇ ಸಲ್ಲಿಸುವುದಿಲ್ಲ. ಎರಡು ದಿನ ಬಿಟ್ಟು, ಎದುರು ಪಕ್ಷದ ವಕೀಲಳಾಗಿ ಓದಿ, ಅದರ ಮೇಲೆ ಆಕ್ಷೇಪಣೆ ಬರೆದು ನೋಡುತ್ತೇನೆ. ಪುಟಸಂಖ್ಯೆಯಿರುವ ಹೊಲಿದ ನೋಟ್‌ಬುಕ್ಕಿನಲ್ಲಿ ಕಕ್ಷಿದಾರರು ಹೇಳಿದ್ದನ್ನು ಅಂದೇ ದಿನಾಂಕ ಹಾಕಿ ಬರೆಯುತ್ತೇನೆ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಪಡಿಸುತ್ತೇನೆ. ವರ್ಷಗಳ ಬಳಿಕ, ನೀವು ಮೊದಲು ಹೀಗೆ ಹೇಳಿರಲಿಲ್ಲ ಎಂದು ಅವರಿಗೇ ತೋರಿಸಬೇಕಾದ ಸಂದರ್ಭಗಳು ಬಂದಿವೆ.

ಕೊನೆಯದಾಗಿ ಪ್ರಯೋಗಾಲಯದ ಕೆಲಸ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ, ವಕೀಲಿ ಮಾಡುವವರು ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವಂತಿಲ್ಲ. ಅರೆಕಾಲಿಕ ಕೆಲಸಕ್ಕೆ 52ನೇ ನಿಯಮದಡಿ ರಾಜ್ಯ ವಕೀಲರ ಪರಿಷತ್ತಿನ ಒಪ್ಪಿಗೆ ಕೇಳಬಹುದು. ಒಪ್ಪಿಗೆ ಸಿಕ್ಕರೂ ವರದಿಗಳಿಗೆ ಸಹಿ ಹಾಕುವ ಕೆಲಸವನ್ನು ನೀವು ಒಪ್ಪಿಕೊಳ್ಳಬಾರದೆಂಬುದು ನನ್ನ ಸಲಹೆ. ಇಂದು ನೀವು ಸಹಿ ಹಾಕಿದ ನೀರಿನ ವರದಿ ಇನ್ನೆರಡು ವರ್ಷದಲ್ಲಿ ನಿಮ್ಮದೇ ಜಿಲ್ಲೆಯ ಕೋರ್ಟಿಗೆ ಬರಬಹುದು, ಸಾಕ್ಷಿಯಾಗಿ ನಿಮಗೆ ಸಮನ್ಸು ಬರಬಹುದು. ತಾನು ಸಾಕ್ಷಿಯಾಗಬೇಕಾದೀತೆಂದು ತಿಳಿದಿರುವ ಪ್ರಕರಣದಲ್ಲಿ ವಕೀಲರು ವಕಾಲತ್ತು ಹಾಕುವಂತಿಲ್ಲ. ನೀವು ಈಗಾಗಲೇ ಸಹಿ ಮಾಡಿರುವ ವರದಿಗಳ ಪೈಕಿ ಯಾವುವು ವಿವಾದದಲ್ಲಿವೆ ಎಂಬುದನ್ನು ಹಳೆಯ ಸಂಸ್ಥೆಯಿಂದ ಕೇಳಿ ತಿಳಿದುಕೊಂಡು, ಅವುಗಳ ಸಂಖ್ಯೆ ಮತ್ತು ದಿನಾಂಕವನ್ನು ಸನ್ನದು ಕೈಗೆ ಬರುವ ಮೊದಲೇ ಬರೆದಿಟ್ಟುಕೊಳ್ಳಿ. ಹೊಸ ಕಕ್ಷಿದಾರರು ಫೈಲು ಬಿಚ್ಚಿದ ಕೂಡಲೇ ಮೊದಲು ಆ ಪಟ್ಟಿಯನ್ನು ನೋಡಿ.